ಪಟ್ಟಿಯಲ್ಲಿ ಒಂದು ಕಾಲಂ ಜಾಸ್ತಿ

ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಎಲ್ಲಿಗೆ ಹೋದರೂ ಡೇಟಾಬೇಸ್‌ನಲ್ಲಿ ಇರುವುದು ಇಷ್ಟೇ: ಬೆಳೆಗಾರರ ಹೆಸರು, ರಾಶಿಯೋ ಬೆಟ್ಟೆಯೋ ಗೊರಬಲೋ ಎಂಬುದು, ತೂಕ, ದರ. ಪಟ್ಟಿ ಮುದ್ರಿಸುವಾಗ ಮಾತ್ರ ಇನ್ನೊಂದು ಬೇಕು, ಮೊತ್ತ. ಪೈಥಾನ್ ಹೊಸದಾಗಿ ಕಲಿತ ಹುಡುಗರು ಡೇಟಾಬೇಸ್ ಕೊಟ್ಟ ಸಾಲಿಗೇ ಅದನ್ನು ಸೇರಿಸಲು ಹೋಗುತ್ತಾರೆ. ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.

ಎಸ್‌ಕ್ಯೂಲೈಟ್ ಡೇಟಾಬೇಸ್ ಬಳಸಲು ಬೇಕಾದ ಲೈಬ್ರರಿ 2006ರಿಂದ ಪೈಥಾನ್ ಜೊತೆಗೇ ಬರುತ್ತಿದೆ. ಅದು ಪ್ರತಿ ಸಾಲನ್ನೂ ‘ಟ್ಯೂಪಲ್’ ಆಗಿ ಕೊಡುತ್ತದೆ. ಕೇಳಿಕೊಂಡರೆ, ಕಾಲಂ ಹೆಸರು ಹಿಡಿದು ಓದಬಹುದಾದ ‘ರೋ’ ಆಗಿ. ಎರಡನ್ನೂ ಓದಬಹುದು, ತಿದ್ದುವಂತಿಲ್ಲ. ‘ರೋ’ವನ್ನು ತಿದ್ದಬಹುದಾದ ‘ಡಿಕ್ಟ್’ಗೆ ಇಳಿಸಿಕೊಂಡರೆ ಮೊತ್ತವನ್ನಾದರೂ ಸೇರಿಸಿ, ಇನ್ನೇನನ್ನಾದರೂ ಸೇರಿಸಿ, ಅದು ನಿಮ್ಮ ಪ್ರತಿ. ಬರೀ ಗುಣಾಕಾರವಾದರೆ ಕ್ವೆರಿಯಲ್ಲೇ ಮಾಡಿಸುವುದು ಇನ್ನೂ ಸಲೀಸು.

ಪ್ರತಿಯನ್ನು ತಿದ್ದಿದರೆ ಮೂಲ ಬದಲಾಗದು ಎಂಬುದು ಪಹಣಿಗಾಗಿ ಅಲೆದವರಿಗೆ ಬೇಗ ಅರ್ಥವಾಗುತ್ತದೆ. ‘ಭೂಮಿ’ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು, ಕೈಬರಹದ ಪಹಣಿಯ ಕಾಲ ಮುಗಿಯಿತು. ಕೈಯಲ್ಲಿರುವ ಪ್ರತಿಯ 9ನೇ ಕಾಲಂನಲ್ಲಿ ಅಪ್ಪನ ಹೆಸರು ಹೊಡೆದು ಮಗನ ಹೆಸರು ಬರೆದರೆ ಖಾತೆ ಬದಲಾದೀತೇ? ಅರ್ಜಿ, ನೋಟಿಸು, ತಕರಾರಿನ ಗಡುವು, ಆದೇಶ, ಎಲ್ಲ ದಾಟಬೇಕು. ಡೇಟಾಬೇಸ್‌ನಲ್ಲಿ ಆ ದಾರಿಯ ಹೆಸರು ‘ಅಪ್‌ಡೇಟ್’, ಆಮೇಲೆ ‘ಕಮಿಟ್’. ಪುಣ್ಯಕ್ಕೆ ತಾಲ್ಲೂಕು ಕಚೇರಿಗಿಂತ ಬೇಗ ಮುಗಿಯುತ್ತದೆ.

ನನಗೆ ಭಯವಿರುವುದು ತಡೆಯುವ ಲೈಬ್ರರಿಯ ಬಗ್ಗೆ ಅಲ್ಲ, ತಡೆಯದೇ ಇರುವುದರ ಬಗ್ಗೆ. ಎಸ್‌ಕ್ಯೂಎಲ್‌ಆಲ್ಕೆಮಿ ಎಂಬ ಪೈಥಾನ್ ಲೈಬ್ರರಿಯಲ್ಲಿ ಬರೀ ಕಾಲಂಗಳನ್ನು ಕೇಳಿದರೆ ತಿದ್ದಲಾಗದ ಸಾಲೇ ಬರುತ್ತದೆ. ಇಡೀ ದಾಖಲೆಯನ್ನು ಆಬ್ಜೆಕ್ಟ್ ಆಗಿ ಪಡೆದರೆ ಕಥೆ ಬೇರೆ. ಅದರಲ್ಲಿ ನೀವು ಮಾಡಿದ ಬದಲಾವಣೆಯನ್ನೆಲ್ಲ ಲೈಬ್ರರಿ ಗಮನಿಸುತ್ತಿರುತ್ತದೆ. ಪಟ್ಟಿ ಚೆಂದ ಕಾಣಲೆಂದು ತೂಕದ ದಶಾಂಶ ಕತ್ತರಿಸಿ ಅದೇ ಆಬ್ಜೆಕ್ಟಿಗೆ ಬರೆದಿರಿ ಅನ್ನಿ. ಆಮೇಲೆ ಇನ್ನಾವುದೋ ಕೆಲಸಕ್ಕೆ ‘ಕಮಿಟ್’ ಕೊಟ್ಟಾಗ ಕತ್ತರಿಸಿದ ತೂಕವೂ ಮೂಲಕ್ಕೆ ಹೋಗಿ ಕೂರುತ್ತದೆ. ಎರರ್ ಇಲ್ಲ, ಸದ್ದಿಲ್ಲ. ರಾಶಿ ಅಡಿಕೆಯಲ್ಲಿ ಅರ್ಧ ಕಿಲೋ ಹೋದರೆ ನಮ್ಮ ಬೆಳೆಗಾರರು ಸುಮ್ಮನಿರುವ ಪೈಕಿಯಲ್ಲ! ಡೇಟಾಬೇಸ್‌ನಲ್ಲಿಲ್ಲದ ‘ಮೊತ್ತ’ವನ್ನು ಅದೇ ಆಬ್ಜೆಕ್ಟಿಗೆ ಸೇರಿಸಿದರೆ ಅದು ಮಾತ್ರ ಮೂಲಕ್ಕೆ ಹೋಗುವುದೇ ಇಲ್ಲ.

ಹಾಗಾಗಿ ಮುದ್ರಣಕ್ಕೆ ಹೋಗುವುದನ್ನೆಲ್ಲ ನಾನು ‘ಡಿಕ್ಟ್’ಗೆ ಇಳಿಸಿಯೇ ಕಳಿಸುತ್ತೇನೆ. ಅಲ್ಲಿಯೂ ‘ತೂಕ’ವನ್ನು ಮುಟ್ಟುವುದಿಲ್ಲ, ಪಕ್ಕದಲ್ಲಿ ‘ಪಟ್ಟಿ_ತೂಕ’ ಎಂದು ಬೇರೆಯೇ ಇಡುತ್ತೇನೆ.