ಹೆದೆಗೆ ಎಷ್ಟು ಹುರಿ?

ಕಾಂಪೌಂಡ್ ಬಿಲ್ಲನ್ನು ಮೊದಲು ಕೈಗೆತ್ತಿಕೊಂಡ ಗಳಿಗೆ ನಗು ಬಂತು. ಇದೂ ಒಂದು ಬಿಲ್ಲೇ! ಎರಡು ತುದಿಗೂ ಚಕ್ರ, ಚಕ್ರಕ್ಕೆ ಸುತ್ತಿದ ಹಗ್ಗ, ಬಾವಿಯ ರಾಟೆ ಕಿತ್ತು ತಂದು ಕಟ್ಟಿದ ಹಾಗೆ. ಎಳೆದೆ. ತೋಳು ನಡುಗಿತು, ಹಲ್ಲು ಕಚ್ಚಿದೆ, ಇನ್ನಾಗದು ಅನ್ನುವಷ್ಟರಲ್ಲಿ ಚಕ್ರಗಳು ಹೊರಳಿದವು ನೋಡಿ, ಭಾರ ಮಾಯ! 40 ಪೌಂಡಿನ ಸೆಳೆತದಲ್ಲಿ ಕೈಗೆ ಉಳಿದದ್ದು 8 ಪೌಂಡು. 18 ಕೆ.ಜಿ. ಹೊರೆ ಮೂರೂವರೆಗೆ ಇಳಿದಿತ್ತು. ಇನ್ನು ನಿಧಾನವಾಗಿ ಗುರಿ ಹಿಡಿಯಬಹುದು. ಗುಟ್ಟೆಲ್ಲ ಅಚ್ಚಿನಲ್ಲಿ. ಅದು ಚಕ್ರದ ನಟ್ಟನಡುವೆ ಇಲ್ಲ, ಒಂದು ಪಕ್ಕಕ್ಕೆ ಸರಿದಿದೆ. ಅಮೆರಿಕದ ಮಿಸ್ಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಇದಕ್ಕೆ 1966ರಲ್ಲಿ ಪೇಟೆಂಟ್ ಅರ್ಜಿ ಹಾಕಿದ, 1969ರಲ್ಲಿ ಸಿಕ್ಕಿತು. ಗಾಂಡೀವಕ್ಕೆ ಇಲ್ಲದ ಚಕ್ರ ಬಿಲ್ಲಿಗೆ ಬಂದದ್ದು ನಿನ್ನೆ ಮೊನ್ನೆ!

ಇದಕ್ಕಿಂತ ದೊಡ್ಡ ಬೆರಗು ಕೊಳ್ಳೇಗಾಲದಲ್ಲಿ, ನಮ್ಮ ಸೋದರಮಾವನ ಜಗಲಿಯ ಮೇಲೆ ಕಾದಿತ್ತು. ಮಾವ ಯಳಂದೂರು ಪಕ್ಕದ ಮಾಂಬಳ್ಳಿಯಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕಿ ಬದುಕಿದವರು, ಬಿಲ್ಲು ಮುಟ್ಟಿದವರಲ್ಲ. ನನ್ನ ಬಾಣಗಳೋ ಒಂದು ಮೇಲೆ, ಒಂದು ಕೆಳಗೆ. ಎಳೆದಾಗ ಒಂದು ಚಕ್ರ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೊದಲೇ ತಡೆಗೆ ತಾಗುತ್ತಿತ್ತು. ಮಾವ ಚಕ್ರಗಳನ್ನು ಬೆಸೆಯುವ ಕೇಬಲ್ಲನ್ನು ಎರಡು ಬೆರಳಲ್ಲಿ ಸವರಿ, "ಈ ಕಡ ಹುರಿ ಸಾಲ್ದು ಕನಪ್ಪ" ಅಂದರು. ಬಿಲ್ಲನ್ನು ಅದುಮಿ ಹಿಡಿಯುವ ಪ್ರೆಸ್ಸಿಗೆ ಬಿಗಿದು (ಪ್ರೆಸ್ಸಿಲ್ಲದೆ ಬಿಚ್ಚಲು ಹೋದರೆ ಕೈ ಹೋದೀತು, ಬಾಣವಿಲ್ಲದೆ ಹೆದೆ ಬಿಟ್ಟರೆ ಬಿಲ್ಲೇ ಹೋದೀತು) ಅರ್ಧ ಸುತ್ತು ಕೊಟ್ಟೆವು. ಮತ್ತರ್ಧ. ಎರಡೂ ಚಕ್ರ ಒಟ್ಟಿಗೆ ನಿಂತವು! ಹುರಿ ಏರಿದರೆ ನೂಲು ಗಿಡ್ಡ, ಇಳಿದರೆ ಉದ್ದ. ಸೀರೆಯ ಹಾಸಿಗೂ ಪಾಲಿಥಿಲೀನ್ ಎಳೆಯ ಹೆದೆಗೂ ಒಂದೇ ನೇಮ!

ಕೊಳ್ಳುವವರು ಮೊದಲು ಪೌಂಡು ಕೇಳುತ್ತಾರೆ. ತಪ್ಪು. ಕೇಳಬೇಕಾದದ್ದು ಎಳೆತದ ಉದ್ದ. ತೋಳೆರಡನ್ನೂ ಚಾಚಿ ತುದಿಯಿಂದ ತುದಿಗೆ ಇಂಚಿನಲ್ಲಿ ಅಳೆದು ಎರಡೂವರೆಯಿಂದ ಭಾಗಿಸಿ: 70 ಇದ್ದರೆ 28. ಲೆಕ್ಕ ಅಂದಾಜಿನದು, ಆದರೂ ನನ್ನ ಮೊಣಕೈ ಬಳಿಯ ಬಾಸುಂಡೆ ಅದನ್ನು ಮೀರಿದ್ದಕ್ಕೇ ಎದ್ದದ್ದು. ಬಿಲ್ಲು ಮೈಗೆ ಒಗ್ಗಿದರೆ ಏನಾಗುತ್ತದೆ? ತೋಳುಗಳಿಲ್ಲದೆ ಹುಟ್ಟಿದ ಕಿಶ್ತ್ವಾರದ ಶೀತಲ್ ದೇವಿ ಕಾಲಲ್ಲಿ ಕಾಂಪೌಂಡ್ ಬಿಲ್ಲು ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ಕಂಚು ಗೆದ್ದಳು!

ಇನ್ನು ಕಾಗದದ ಪರೀಕ್ಷೆ. ಚೌಕಟ್ಟಿಗೆ ಹಾಳೆ ಕಟ್ಟಿ ಎರಡು ಮೀಟರ್ ದೂರದಿಂದ ಬಾಣ ಬಿಡಬೇಕು. ಸುತ್ತಿನ ತೂತು, ಅದರ ಸುತ್ತ ಗರಿಗಳ ಗೀರು ಬಿದ್ದರೆ ಬಾಣ ನೆಟ್ಟಗೆ ಹೊರಟಿದೆ. ನನ್ನದು ಹರಿದು ಬಾಲ ಮೇಲೆತ್ತಿತ್ತು. ಬಾಣ ಕೂರುವ ರೆಸ್ಟನ್ನು ಒಂದು ಮಿಲಿಮೀಟರ್ ಎತ್ತಿದೆ, ಹರಕು ಗಿಡ್ಡವಾಯಿತು. ಇನ್ನೊಂದಿಷ್ಟು ಎತ್ತಿದೆ, ತೂತು ಮಾತ್ರ!

ಹನೂರಿನ ಆಚೆ, ಎತ್ತರದ ಮಣ್ಣುದಿಬ್ಬಕ್ಕೆ ಗುರಿಹಲಗೆ ಒರಗಿಸಿ 50 ಮೀಟರ್ ಅಳೆದೆ. ಕಾಡಿನ ಕಡೆಗೆ ಒಂದು ಬಾಣವೂ ಹೋಗಕೂಡದು. 1972ರ ವನ್ಯಜೀವಿ ಕಾಯ್ದೆಯಡಿ ಬೇಟೆಗಾರನಾಗಲು ನನಗಿಷ್ಟವಿಲ್ಲ. 10 ಅಂಕದ ವೃತ್ತ 8 ಸೆಂ.ಮೀ., ಒಂದು ಬಳೆಗಿಂತ ತುಸು ದೊಡ್ಡದು. ಯಳಂದೂರಿನ ಬಳೆಮಂಟಪದ ಕಲ್ಲುಬಳೆಗಳು ನೆನಪಾದವು. ಮೂರು ಬಾಣ ಬಿಟ್ಟೆ, ಎರಡು ಒಳಗೆ!

ಮಾವನಿಗೆ ಮಾತ್ರ ಹೆದೆಯದೇ ಚಿಂತೆ. "ನಮ್ ರೇಷ್ಮ ತಡೆಯಕಿಲ್ವಾ?" ಅಟೋಮನ್ ತುರ್ಕರು ತಮ್ಮ ಬಿಲ್ಲಿಗೆ ರೇಷ್ಮೆಯ ಹೆದೆಯನ್ನೇ ಕಟ್ಟುತ್ತಿದ್ದರು ಅಂದೆ. ಮಾವ ಎದ್ದು ಒಳಗೆ ಹೋಗಿ ಒಂದು ಲಡಿ ನೂಲು ತಂದು, ಎಳೆ ಎಣಿಸಲು ಕೂತರು.