ಬಹುವಿಷಯ ಲೇಖಕನೂ ಓದುಗರ ಆರೋಗ್ಯವೂ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬುದು ಕನ್ನಡಿಗರ ಮನೆಮನೆಯಲ್ಲಿ ಕೇಳಿಬರುವ ನಾಣ್ಣುಡಿ. ಆರೋಗ್ಯವನ್ನೂ ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿದ ಹಿರಿಯರ ಜಾಣ್ಮೆ ಮೆಚ್ಚತಕ್ಕದ್ದಾಗಿದೆ. ಇಂದು ಊಟದ ಮಾತೂ ರೋಗದ ಮಾತೂ ಬಹುಮಟ್ಟಿಗೆ ಅಂತರಜಾಲದ ಬರಹದ ರೂಪದಲ್ಲಿಯೇ ಮನೆಯೊಳಕ್ಕೆ ಬರುತ್ತಿವೆ. ನಡುರಾತ್ರಿ ಮಗುವಿಗೆ ಭೇದಿಯಾದರೆ, ಅಜ್ಜನ ರಕ್ತಪರೀಕ್ಷೆಯ ವರದಿ ಅರ್ಥವಾಗದಿದ್ದರೆ, ಮೊದಲು ಕೈ ಹೋಗುವುದು ಮೊಬೈಲ್ ಫೋನಿನ ಕಡೆಗೆ. ಅಲ್ಲಿ ದೊರೆಯುವ ಬರಹವನ್ನು ಎಷ್ಟೋ ವೇಳೆ ಬರೆದವರು ವೈದ್ಯರಲ್ಲ. ಅವರು ಬೆಳಿಗ್ಗೆ ಗೋವಾ ಪ್ರವಾಸದ ಬಗೆಗೆ, ಮಧ್ಯಾಹ್ನ ಮ್ಯೂಚುಯಲ್ ಫಂಡಿನ ಬಗೆಗೆ, ಸಂಜೆ ಸಕ್ಕರೆ ಕಾಯಿಲೆಯವರ ಆಹಾರದ ಬಗೆಗೆ ಬರೆಯುವ ಬಹುವಿಷಯ ಲೇಖಕರು. ಅಂಥ ಲೇಖಕರ ಕಸುಬಿನ ರೀತಿನೀತಿಗಳು ಓದುಗರ ಆರೋಗ್ಯದೊಡನೆ ಹೇಗೆ ಹೆಣೆದುಕೊಂಡಿವೆ ಎಂಬುದು ವಿಚಾರಾರ್ಹವಾದ ಸಂಗತಿ.

ಪರಂಪರೆ ಹೊಸತಲ್ಲ

ಹಲವು ವಿಷಯಗಳನ್ನು ಒಬ್ಬನೇ ಬರೆಯುವುದು ಕನ್ನಡ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ವು ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಲ್ಲಿ ರಾಜನೀತಿ, ಅಡುಗೆ, ಚಿಕಿತ್ಸೆ, ಚಿತ್ರಕಲೆ, ಸಂಗೀತ ಮುಂತಾದ ವಿಷಯಗಳನ್ನು ಒಳಗೊಂಡಿದೆ. ಆಧುನಿಕ ಕಾಲದಲ್ಲಿ ಈ ಮಾರ್ಗದ ಮೇರುವ್ಯಕ್ತಿ ಡಾ. ಶಿವರಾಮ ಕಾರಂತರು. ಅಸಹಕಾರ ಚಳವಳಿಯ ದಿನಗಳಲ್ಲಿ ಕಾಲೇಜನ್ನು ತೊರೆದ ಅವರು 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನೂ, ಮುಂದೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಹೊರತಂದರು. ಕಾದಂಬರಿ, ಯಕ್ಷಗಾನ, ನಿಘಂಟು, ಪ್ರವಾಸಕಥನ ಇವೆಲ್ಲವೂ ಅವರಿಗೆ ಸ್ವಂತ ಕ್ಷೇತ್ರಗಳೇ ಆಗಿದ್ದವು.

ವೈದ್ಯಕೀಯದ ಕಡೆಯಿಂದ ಬಂದವರೂ ಉಂಟು. 1942ರಲ್ಲಿ 'ಕೊರವಂಜಿ' ಹಾಸ್ಯ ಮಾಸಿಕವನ್ನು ಆರಂಭಿಸಿದ ರಾಶಿಯವರು, ಎಂದರೆ ಡಾ. ಎಂ. ಶಿವರಾಂ ಅವರು, ವೃತ್ತಿಯಿಂದ ವೈದ್ಯರು. ಡಾ. ಅನುಪಮಾ ನಿರಂಜನ ಅವರು ಕಾದಂಬರಿಗಳನ್ನೂ ಮಕ್ಕಳ ಕಥೆಗಳನ್ನೂ ಬರೆದಂತೆಯೇ 'ತಾಯಿ-ಮಗು', 'ದಾಂಪತ್ಯ ದೀಪಿಕೆ' ಮುಂತಾದ ಆರೋಗ್ಯ ಗ್ರಂಥಗಳನ್ನೂ ಬರೆದರು. ಇನ್ನು 1969ರಲ್ಲಿ ಮೊದಲ ಸಂಪುಟ ಕಂಡ ಮೈಸೂರು ವಿಶ್ವವಿದ್ಯಾನಿಲಯದ 'ಕನ್ನಡ ವಿಶ್ವಕೋಶ'ವು ಆಯಾ ಶಾಸ್ತ್ರದ ವಿದ್ವಾಂಸರಿಂದ ಲೇಖನಗಳನ್ನು ಬರೆಯಿಸಿ, ಸಂಪಾದಕರು ತಿದ್ದಿ, ಮುದ್ರಿಸುವ ಕ್ರಮವನ್ನು ಅನುಸರಿಸಿತು. ಇವುಗಳಲ್ಲೆಲ್ಲ ಬರಹದ ಹಿಂದೆ ದೀರ್ಘವಾದ ವ್ಯಾಸಂಗಕ್ಕೋ ಪರಿಶೀಲನೆಗೋ ಅವಕಾಶವಿತ್ತು. ಇಂದಿನ ಕಸುಬಿನಲ್ಲಿ ಕುಗ್ಗಿಹೋಗಿರುವುದು ಆ ಅವಕಾಶವೇ.

ಪದಕ್ಕೆ ಕೂಲಿ

ಬಹುವಿಷಯ ಲೇಖಕರನ್ನು ಇಂದು ಸಾಮಾನ್ಯವಾಗಿ 'ಕಂಟೆಂಟ್ ರೈಟರ್' ಎಂದು ಕರೆಯಲಾಗುತ್ತದೆ. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ ನಗರಗಳ ಕನ್ನಡ ಮನೆಗಳಲ್ಲಿಯೂ ಇಂಥವರಿದ್ದಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿಯೋ ತೆಲುಗೋ ತಮಿಳೋ, ಶಾಲೆಯಲ್ಲಿ ಇಂಗ್ಲಿಷು ಕಲಿತವರಿಗೆ ಈ ಕೆಲಸ ಸಹಜವಾಗಿಯೇ ಒದಗಿಬರುತ್ತದೆ. ಚಿಕ್ಕ ಮಕ್ಕಳ ತಾಯಂದಿರಿಗೂ ನಿವೃತ್ತರಾದ ಅಧ್ಯಾಪಕರಿಗೂ ಮನೆಯಲ್ಲಿಯೇ ಕುಳಿತು ನಾಲ್ಕು ಕಾಸು ಸಂಪಾದಿಸುವ ಗೌರವದ ಹಾದಿ ಇದು ಎಂಬುದರಲ್ಲಿ ಸಂಶಯವಿಲ್ಲ.

ಆದರೆ ಸಂಭಾವನೆಯ ಲೆಕ್ಕ ಹಲವೆಡೆ ಪದಗಳ ಮೇಲೆ ನಿಂತಿದೆ. ಪದವೊಂದಕ್ಕೆ 50 ಪೈಸೆ ಎಂದಿಟ್ಟುಕೊಂಡರೆ ಸಾವಿರ ಪದಗಳ ಲೇಖನಕ್ಕೆ 500 ರೂಪಾಯಿಯಾಗುವುದು. ಅದನ್ನು ಎರಡು ಗಂಟೆಗಳಲ್ಲಿ ಮುಗಿಸಿದರೆ ಗಂಟೆಗೆ 250 ರೂಪಾಯಿ. ಬರೆದುದನ್ನು ಒಂದು ಗ್ರಂಥದೊಡನೆ ತಾಳೆ ನೋಡಿ, ವೈದ್ಯರೊಬ್ಬರನ್ನು ಕೇಳಿ, ತಿದ್ದಲು ಇನ್ನೂ ಮೂರು ಗಂಟೆ ಹಿಡಿದರೆ ಗಂಟೆಯ ಗಳಿಕೆ 100 ರೂಪಾಯಿಗೆ ಇಳಿಯುತ್ತದೆ. ಎಂದ ಮೇಲೆ ಈ ಪದ್ಧತಿಯಲ್ಲಿ ಬರೆಯುವುದಕ್ಕೆ ಕೂಲಿಯುಂಟು, ಪರಿಶೀಲಿಸುವುದಕ್ಕೆ ಇಲ್ಲ. ಎಚ್ಚರಿಕೆಯುಳ್ಳ ಲೇಖಕನು ತನ್ನ ಎಚ್ಚರಿಕೆಗೆ ತಾನೇ ದಂಡ ತೆರಬೇಕಾಗುತ್ತದೆ. ಪ್ರವಾಸದ ಲೇಖನದಲ್ಲಿ ರೈಲಿನ ಸಮಯ ತಪ್ಪಿದರೆ ಓದುಗನಿಗೆ ಒಂದು ಹಗಲು ನಷ್ಟವಾದೀತು. ಆರೋಗ್ಯದ ಲೇಖನದಲ್ಲಿ ಒಂದು ಅಂಕೆ ತಪ್ಪಿದರೆ ಆಗುವ ನಷ್ಟ ಬೇರೆ ತೆರನಾದುದು.

ಅರ್ಧ ಚಮಚ ಉಪ್ಪು

ಇದಕ್ಕೆ ಭೇದಿಯ ಚಿಕಿತ್ಸೆಯಷ್ಟು ಸ್ಪಷ್ಟವಾದ ನಿದರ್ಶನ ಬೇರೊಂದಿಲ್ಲ. 1971ರಲ್ಲಿ ಬಾಂಗ್ಲಾದೇಶದ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವಿನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ರಕ್ತನಾಳದ ಮೂಲಕ ಕೊಡುವ ದ್ರವ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಗ್ಲೂಕೋಸ್ ಮತ್ತು ಅಡುಗೆ ಸೋಡಾ ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕುಡಿಸುವ ವ್ಯವಸ್ಥೆ ಮಾಡಿದರು. ಶೇಕಡಾ 30ರ ಸಮೀಪವಿದ್ದ ಸಾವಿನ ಪ್ರಮಾಣವು ಅವರ ಶಿಬಿರದಲ್ಲಿ ಶೇಕಡಾ 4ಕ್ಕಿಂತಲೂ ಕೆಳಗಿಳಿಯಿತು. ಸಕ್ಕರೆಯ ಅಂಶವು ಕರುಳಿನಲ್ಲಿ ಉಪ್ಪಿನ ಅಂಶವನ್ನು ತನ್ನೊಡನೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ಅವುಗಳ ಬೆನ್ನಿಗೇ ನೀರೂ ಒಳಸೇರುತ್ತದೆ ಎಂಬುದೇ ಇದರ ಹಿಂದಿನ ತತ್ತ್ವ.

ಔಷಧದಂಗಡಿಯ ಪೊಟ್ಟಣ ದೊರೆಯದಿದ್ದಾಗ ಮನೆಯಲ್ಲಿಯೇ ತಯಾರಿಸುವ ಪಾನಕದ ಪ್ರಮಾಣ ಹೀಗಿದೆ: ಒಂದು ಲೀಟರ್ ಶುದ್ಧ ನೀರು, ಮಟ್ಟಸವಾಗಿ ತುಂಬಿದ ಆರು ಟೀ ಚಮಚ ಸಕ್ಕರೆ, ಮಟ್ಟಸವಾಗಿ ತುಂಬಿದ ಅರ್ಧ ಟೀ ಚಮಚ ಉಪ್ಪು. ಲೇಖಕನ ಕೈತಪ್ಪಿನಿಂದ ಸಕ್ಕರೆ ಉಪ್ಪುಗಳು ಅದಲುಬದಲಾದರೆ, ಅಥವಾ 'ಅರ್ಧ' ಎಂಬ ಮಾತು ಬಿಟ್ಟುಹೋದರೆ, ಪ್ರಾಣ ಉಳಿಸುವ ಪಾನಕವೇ ಎಳೆಗೂಸಿನ ರಕ್ತದಲ್ಲಿ ಉಪ್ಪನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲದು. ನೀರು ಕಡಿಮೆಯಾದರೂ ಇದೇ ಗಂಡಾಂತರ. ಮಗು ಮಂಕಾಗಿದ್ದರೆ, ಏನನ್ನೂ ಕುಡಿಯಲಾರದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂಬ ವಾಕ್ಯವೂ ಪ್ರಮಾಣದಷ್ಟೇ ಮುಖ್ಯ. ಪದಗಳ ಮಿತಿಗೆಂದು ಲೇಖನವನ್ನು ಕತ್ತರಿಸುವಾಗ ಮೊದಲು ಬಲಿಯಾಗುವುದು ಇಂಥ ವಾಕ್ಯವೇ.

ಹೆಸರಿನಿಂದಲೂ ಮೋಸವಾಗುವುದುಂಟು. ಸಕ್ಕರೆಯೇ ಹೆಚ್ಚಾಗಿರುವ ಪೇಯಗಳು 'ಓ.ಆರ್.ಎಸ್.' ಎಂಬ ಅಕ್ಷರಗಳನ್ನು ಹೊತ್ತು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಳ ಕಾಲ ಪಟ್ಟುಹಿಡಿದು ಹೋರಾಡಿದ ಬಳಿಕ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪೇಯಗಳಿಗೆ ಆ ಹೆಸರನ್ನು ಬಳಸಕೂಡದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಅದಕ್ಕೆ ಮುಂಚೆ ಬರೆದ ಲೇಖನಗಳನ್ನು ಲೇಖಕರು ಮತ್ತೊಮ್ಮೆ ತೆರೆದು ನೋಡುವುದು ಯುಕ್ತ.

ಭಾಷಾಂತರದ ಬಲೆಗಳು

ಹೊರನಾಡ ಕನ್ನಡಿಗರ ಪಾಲಿಗೆ ಬರುವ ಕೆಲಸದಲ್ಲಿ ಬಹಳಷ್ಟು ಭಾಷಾಂತರವೇ. ಇಂಗ್ಲಿಷಿನಲ್ಲಿ ಟೀಸ್ಪೂನ್ ಎಂದರೆ 5 ಮಿಲಿಲೀಟರ್, ಟೇಬಲ್‌ಸ್ಪೂನ್ ಎಂದರೆ 15 ಮಿಲಿಲೀಟರ್. ಕನ್ನಡದಲ್ಲಿ ಎರಡನ್ನೂ 'ಚಮಚ' ಎಂದು ಬರೆದುಬಿಟ್ಟರೆ ಔಷಧದ ಪ್ರಮಾಣ ಮೂರು ಪಟ್ಟು ಏರಿತೆಂದೇ ಅರ್ಥ. ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ಪು ಒಂದಕ್ಕಿಂತ ಹೆಚ್ಚು ಸಾಂದ್ರತೆಗಳಲ್ಲಿ ದೊರೆಯುವುದರಿಂದ ಬರಿಯ 'ಒಂದು ಚಮಚ' ಎಂಬ ಸೂಚನೆಗೆ ಅರ್ಥವೇ ಇಲ್ಲ. ಅದನ್ನು ಮಗುವಿನ ತೂಕಕ್ಕೆ ತಕ್ಕಂತೆ ವೈದ್ಯರೇ ನಿರ್ಧರಿಸಬೇಕು. ಎಚ್ಚರ ತಪ್ಪಿ ಬೀಳುವುದಕ್ಕೂ ಅಪಸ್ಮಾರ ರೋಗಕ್ಕೂ 'ಮೂರ್ಛೆ' ಎಂಬ ಒಂದೇ ಮಾತು ಬಳಕೆಯಲ್ಲಿರುವುದರಿಂದ ಅಲ್ಲಿಯೂ ವಿವರಿಸಿ ಬರೆಯುವುದು ಅಗತ್ಯ.

ಅಂಕೆಗಳದು ಇನ್ನೊಂದು ಬಲೆ. ಭಾರತದ ಪ್ರಯೋಗಾಲಯಗಳು ರಕ್ತದ ಸಕ್ಕರೆಯನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತಿಳಿಸುತ್ತವೆ. ಬ್ರಿಟನ್ನಿನಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್ ಎಂದು ಅಳೆಯುತ್ತಾರೆ. ಬರಿಹೊಟ್ಟೆಯಲ್ಲಿ ಮಧುಮೇಹವನ್ನು ಸೂಚಿಸುವ ಮಟ್ಟ ಅಲ್ಲಿ 7, ಇಲ್ಲಿ 126. ಅಲ್ಲಿಯ ಅಂಕೆಯನ್ನು 18ರಿಂದ ಗುಣಿಸಿದರೆ ಇಲ್ಲಿಯದು ದೊರೆಯುತ್ತದೆ. ಇದನ್ನರಿಯದೆ ನಕಲು ಮಾಡಿದ ಲೇಖನವನ್ನು ಓದಿದ ವೃದ್ಧರೊಬ್ಬರು ತಮ್ಮ ವರದಿಯನ್ನು ನೋಡಿ ಎದೆಯೊಡೆದುಕೊಂಡರೆ ಆಶ್ಚರ್ಯವಿಲ್ಲ. ಹಾಗೆಯೇ ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ಬಿ.ಎಂ.ಐ. 25 ತಲಪಿದರೆ ಅತಿತೂಕವೆಂಬುದು ಪಾಶ್ಚಾತ್ಯರ ಗಣನೆ. ಭಾರತೀಯರಿಗೆ 23ರಿಂದಲೇ ಎಚ್ಚರಿಕೆ ಬೇಕೆಂಬುದು ಇಲ್ಲಿಯ ತಜ್ಞರ ಮತ.

ಮನೆಮದ್ದಿನ ಲೇಖನಗಳಿಗೆ ಬೇಡಿಕೆ ಬಹಳ. ಹುಟ್ಟಿದ ಮಗುವಿನ ನಾಲಗೆಗೆ ಜೇನು ಸವರುವ ರೂಢಿ ಅನೇಕ ಕುಟುಂಬಗಳಲ್ಲಿದೆ. ಆದರೆ ಒಂದು ವರ್ಷ ತುಂಬದ ಶಿಶುವಿಗೆ ಜೇನು ಸಲ್ಲದು. ಅದರಲ್ಲಿ ಇರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡಬಲ್ಲವು. ಸಂಪ್ರದಾಯದ ಮೇಲಣ ಪ್ರೀತಿಯಿಂದ ಬರೆಯುವ ಲೇಖಕನೂ ಈ ಒಂದು ಮಾತನ್ನು ಮುಚ್ಚಿಡಕೂಡದು.

ಒಲ್ಲೆನೆನ್ನುವ ಹಕ್ಕು

"ಮಧುಮೇಹಕ್ಕೆ ಶಾಶ್ವತ ಪರಿಹಾರ" ಎಂಬ ತಲೆಬರಹದಡಿಯಲ್ಲಿ ಯಾವುದೋ ಚೂರ್ಣವನ್ನು ಹೊಗಳಿ ಬರೆದುಕೊಡಿರೆಂಬ ಬೇಡಿಕೆ ಬರುವುದು ಈ ಕಸುಬಿನಲ್ಲಿ ಅಪರೂಪವಲ್ಲ. ಮಧುಮೇಹ, ಕ್ಯಾನ್ಸರ್, ಅಪಸ್ಮಾರ, ಪಾರ್ಶ್ವವಾಯು ಮುಂತಾದವನ್ನು ಗುಣಪಡಿಸುವುದಾಗಿ ಔಷಧವನ್ನು ಪ್ರಚಾರ ಮಾಡುವುದನ್ನು 1954ರ ಔಷಧ ಮತ್ತು ಚಮತ್ಕಾರಿಕ ಪರಿಹಾರಗಳ ಕಾಯಿದೆಯು ನಿಷೇಧಿಸಿದೆ. ಅಂಥ ಜಾಹೀರಾತಿನ ಪ್ರಕಟಣೆಯಲ್ಲಿ ಪಾಲುಗೊಳ್ಳುವುದೂ ಅಪರಾಧವೇ. ಹಣದ ಅಡಚಣೆಯಿರುವ ಲೇಖಕನಿಗೆ ಒಲ್ಲೆನೆನ್ನುವುದು ಸುಲಭವಲ್ಲ. ಆದರೆ ಆ ಬರಹವನ್ನು ನಂಬಿ ಇನ್ಸುಲಿನ್ ಬಿಟ್ಟ ರೋಗಿಯು ತೆರುವ ಬೆಲೆ ಅದಕ್ಕಿಂತ ದೊಡ್ಡದು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಳಕೆಗೆ ಬಂದ ತರುವಾಯ ಯಂತ್ರವೇ ನಿಮಿಷಗಳಲ್ಲಿ ಲೇಖನವನ್ನು ಬರೆದುಕೊಡುತ್ತದೆ. ಯಂತ್ರದ ವಾಕ್ಯಗಳು ನಯವಾಗಿರುತ್ತವೆ, ಆದರೆ ತಪ್ಪನ್ನೂ ಅದು ಅಷ್ಟೇ ನಯವಾಗಿ ಹೇಳಬಲ್ಲದು. ಬರಿಯ ಪದಗಳನ್ನು ಪೋಣಿಸುವ ಕೆಲಸ ಇದರಿಂದ ಅಗ್ಗವಾಗಿದೆ. ಹೀಗಿರುವಲ್ಲಿ ಬಹುವಿಷಯ ಲೇಖಕನಿಗೆ ಉಳಿದಿರುವ ಬಲವೆಂದರೆ ಪರಿಶೀಲನೆಯೇ. ಆದುದರಿಂದ ಆರೋಗ್ಯದ ಲೇಖನಗಳಿಗೆ ಪದಗಳ ಲೆಕ್ಕವನ್ನು ಬಿಟ್ಟು ಲೇಖನಕ್ಕೆ ಇಷ್ಟೆಂದು, ಪರಿಶೀಲನೆಯ ವೇಳೆಯನ್ನೂ ಸೇರಿಸಿ, ಸಂಭಾವನೆ ಕೇಳುವುದು ನ್ಯಾಯವಾಗಿದೆ. ಪ್ರತಿಯೊಂದು ಅಂಕೆಯನ್ನೂ ಮೂಲದಲ್ಲಿ ನೋಡುವುದು, ಪ್ರಮಾಣವಿದ್ದಲ್ಲಿ ವೈದ್ಯರೊಬ್ಬರಿಗೆ ಓದಿ ಹೇಳುವುದು, ಬರೆದ ದಿನಾಂಕವನ್ನು ನಮೂದಿಸುವುದು, ತಿಳಿಯದುದನ್ನು ಬಿಟ್ಟುಬಿಡುವುದು ಈ ನಾಲ್ಕು ನಿಯಮಗಳು ಸಾಕು.

ಬರೆಯುವವನ ಮೈ

ಬರೆಯುವವರ ದೇಹವನ್ನೂ ಮರೆಯುವಂತಿಲ್ಲ. ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಇಪ್ಪತ್ತು ನಿಮಿಷಗಳಿಗೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವುದು ಸರಳವಾದ ಉಪಾಯ. ಲ್ಯಾಪ್‌ಟಾಪಿನ ಪರದೆ ಕಣ್ಣಿನ ಮಟ್ಟಕ್ಕಿದ್ದರೆ ಕತ್ತಿಗೆ ಸುಖ. ಅದಕ್ಕೆ ಬೇರೆ ಕೀಲಿಮಣೆ ಬೇಕಾಗುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕಾದ ನಡಿಗೆಯಂಥ ವ್ಯಾಯಾಮವನ್ನು ವಿಶ್ವ ಆರೋಗ್ಯ ಸಂಸ್ಥೆ ವಿಧಿಸಿದೆ. ನೌಕರಿಯ ಭದ್ರತೆಯಿಲ್ಲದ ಕಸುಬಾದುದರಿಂದ ಆರೋಗ್ಯ ವಿಮೆಯ ಕಂತನ್ನು ಮನೆಯ ಬಾಡಿಗೆಯಂತೆಯೇ ತಪ್ಪದ ಖರ್ಚೆಂದು ಭಾವಿಸುವುದು ಒಳ್ಳೆಯದು. ನಿದ್ದೆಗೆಟ್ಟ ಕಣ್ಣಿಗೆ ಅರ್ಧಕ್ಕೂ ಆರಕ್ಕೂ ವ್ಯತ್ಯಾಸ ಕಾಣದೆ ಹೋಗಬಹುದೆಂಬುದನ್ನು ನೆನೆದರೆ, ಲೇಖಕನ ವಿಶ್ರಾಂತಿಯೂ ಓದುಗನ ರಕ್ಷಣೆಯ ಒಂದು ಭಾಗವೇ ಎಂಬುದು ಮನದಟ್ಟಾಗುವುದು.

ವಾಚಕರಿಗೂ ಒಂದು ಕರ್ತವ್ಯವಿದೆ. ಆರೋಗ್ಯದ ಬರಹವನ್ನು ಓದುವಾಗ ಬರೆದವರು ಯಾರು, ಬರೆದುದು ಎಂದು, ವೈದ್ಯರು ಅದನ್ನು ನೋಡಿರುವರೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡು, ಉತ್ತರ ದೊರೆಯದಿದ್ದರೆ ಅದನ್ನು ಬಂಧುಬಳಗದ ವಾಟ್ಸಾಪ್ ಗುಂಪಿಗೆ ಕಳುಹಿಸದಿರುವುದು ಲೇಸು. ಕನ್ನಡ ಸಂಘಗಳಲ್ಲಿ ವೈದ್ಯರಿದ್ದಾರೆ, ಲೇಖಕರೂ ಇದ್ದಾರೆ. ತಿಂಗಳಿಗೊಂದು ಸಂಜೆ ಅವರಿಬ್ಬರೂ ಒಂದೆಡೆ ಕುಳಿತು ಬರಹಗಳನ್ನು ತಿದ್ದುವ ಏರ್ಪಾಡನ್ನು ಸಂಘಗಳು ಮಾಡಿದರೆ, ಅದರ ಫಲವು ಹೊರನಾಡಿನ ಮನೆಗಳಿಗಷ್ಟೇ ಅಲ್ಲದೆ ಕನ್ನಡ ಓದುವ ಎಲ್ಲ ಮನೆಗಳಿಗೂ ಸಲ್ಲುವುದು.