ಲಿಂಗಸುಗೂರು ಜಿಲ್ಲೆ: ಕೊಪ್ಪಳ ಸೀಮೆಯ ಮರೆತ ಆಡಳಿತ ಚರಿತ್ರೆ

ಜಿಲ್ಲೆಯೆಂಬುದು ಪ್ರಭುತ್ವವು ತನ್ನ ಅನುಕೂಲಕ್ಕಾಗಿ ಎಳೆದುಕೊಳ್ಳುವ ಗೆರೆ. ಆಳುವವರು ಬದಲಾದಂತೆ ಗೆರೆಯೂ ಬದಲಾಗುತ್ತದೆ. ಆದರೆ ಅಳಿಸಿಹೋದ ಗೆರೆಯೊಳಗೆ ಬದುಕಿದ ಜನರ ಮಾತು, ಮನೆತನದ ಹೆಸರು, ಕಾಗದಪತ್ರಗಳು ಅಷ್ಟು ಬೇಗ ಅಳಿಯುವುದಿಲ್ಲ. ಇಂದು ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರವಾಗಿರುವ ಲಿಂಗಸುಗೂರು 1905ರವರೆಗೆ ಹೈದರಾಬಾದು ಸಂಸ್ಥಾನದ ಒಂದು ಜಿಲ್ಲೆಯ ಕೇಂದ್ರವಾಗಿತ್ತು. ಲಿಂಗಸುಗೂರು, ಕುಷ್ಟಗಿ, ಗಂಗಾವತಿ, ಸಿಂಧನೂರು, ಸುರಪುರ, ಶಹಾಪುರ ಎಂಬ ಆರು ತಾಲ್ಲೂಕುಗಳು ಅದರಲ್ಲಿದ್ದವು. ಈ ಆರು ಇಂದು ರಾಯಚೂರು, ಕೊಪ್ಪಳ, ಯಾದಗಿರಿ ಎಂಬ ಮೂರು ಜಿಲ್ಲೆಗಳಲ್ಲಿ ಹಂಚಿಹೋಗಿವೆ. ಕೊಪ್ಪಳ ಸೀಮೆಯ ಇತಿಹಾಸ ಮತ್ತು ಜಾನಪದವನ್ನು ಅಭ್ಯಸಿಸುವವರು ಈ ಕಣ್ಮರೆಯಾದ ಜಿಲ್ಲೆಯನ್ನು ಗಮನಕ್ಕೆ ತಂದುಕೊಳ್ಳದಿದ್ದರೆ ಆಕರಗಳನ್ನು ತಪ್ಪು ಜಾಗದಲ್ಲಿ ಹುಡುಕುವ ಅಪಾಯವಿದೆ.

ಎರಡು ನದಿಗಳ ನಡುವಣ ಸೀಮೆ

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡು ಬಹುಕಾಲದಿಂದ ರಾಜ್ಯಗಳ ಪೈಪೋಟಿಯ ನೆಲ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿಯೂ ಮಸ್ಕಿಯಲ್ಲಿಯೂ ದೊರೆತ ಅಶೋಕನ ಶಾಸನಗಳು ಇದರ ಪ್ರಾಚೀನತೆಯನ್ನು ಸಾರುತ್ತವೆ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಸ್ಥಳಗಳಲ್ಲಿ ಕೊಪಣನಗರವೂ ಒಂದು. ವಿಜಯನಗರ ಮತ್ತು ಬಹಮನಿ ಅರಸರು, ಅನಂತರ ವಿಜಾಪುರದ ಆದಿಲಶಾಹಿಗಳು ರಾಯಚೂರು, ಮುದಗಲ್ಲು ಕೋಟೆಗಳಿಗಾಗಿ ಮತ್ತೆಮತ್ತೆ ಕಾದಿದರು.

ಆಧುನಿಕ ಆಡಳಿತದ ಗಡಿ ರೂಪುಗೊಂಡದ್ದು ಟಿಪ್ಪುವಿನ ಯುದ್ಧಗಳ ಬಳಿಕ. ಟಿಪ್ಪುವಿನ ವಶದಲ್ಲಿದ್ದ ಕೊಪ್ಪಳ ಕೋಟೆಯನ್ನು 1790ರಲ್ಲಿ ನಿಜಾಮ ಮತ್ತು ಇಂಗ್ಲಿಷರ ಸೇನೆಗಳು ಮುತ್ತಿದವು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಈ ಭಾಗ ನಿಜಾಮನ ಪಾಲಾಯಿತು. 1800ರಲ್ಲಿ ನಿಜಾಮನು ಬಳ್ಳಾರಿ ಮೊದಲಾದ ಪ್ರದೇಶಗಳನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಾಗ ತುಂಗಭದ್ರೆಯೇ ಗಡಿಯಾಯಿತು. ಆನೆಗೊಂದಿ ಒಂದು ರಾಜ್ಯದಲ್ಲಿ, ಎದುರು ದಡದ ಹಂಪಿ ಮತ್ತೊಂದು ರಾಜ್ಯದಲ್ಲಿ ಉಳಿದವು. ಪಶ್ಚಿಮಕ್ಕೆ ಗದಗು, ಮುಂಡರಗಿ, ರೋಣಗಳ ಕಡೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ ಇತ್ತು. ಹೀಗೆ ಕೊಪ್ಪಳ ಸೀಮೆ ಮೂರು ಆಡಳಿತಗಳು ಕೂಡುವ ಅಂಚಿನ ನಾಡಾಯಿತು.

1853ರ ಒಪ್ಪಂದದಂತೆ ನಿಜಾಮನು ವರ್ಹಾಡ ಹಾಗೂ ಧಾರಾಶಿವಗಳೊಂದಿಗೆ ರಾಯಚೂರು ದೋಆಬನ್ನೂ ಇಂಗ್ಲಿಷರ ವಶಕ್ಕೆ ಒಪ್ಪಿಸಿದನು. ಕಂಟಿಂಜೆಂಟ್ ಸೇನೆಯ ವೆಚ್ಚಕ್ಕೆ ಈ ಪ್ರದೇಶಗಳ ಉತ್ಪನ್ನವನ್ನು ಮೀಸಲಿಡಲಾಗಿತ್ತು. ಆ ಸೇನೆಯ ಒಂದು ತುಕಡಿ ಲಿಂಗಸುಗೂರಿನಲ್ಲಿತ್ತು. ಊರಿನ ಒಂದು ಭಾಗಕ್ಕೆ ಛಾವಣಿ ಎಂಬ ಹೆಸರು ಬಂದದ್ದು ಇದರಿಂದಲೇ. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಬಂಡಾಯವಾಯಿತು. ಅದೇ ವರ್ಷ ಮುಂಡರಗಿ ಭೀಮರಾಯನು ಕೊಪ್ಪಳದ ಕೋಟೆ ಸೇರಿ ಹೋರಾಡಿ ಮಡಿದನು. 1860ರ ಒಪ್ಪಂದದಲ್ಲಿ ಇಂಗ್ಲಿಷರು ರಾಯಚೂರು ದೋಆಬನ್ನು ಮರಳಿಸಿದರಲ್ಲದೆ ಸುರಪುರ ಸಂಸ್ಥಾನವನ್ನೂ ನಿಜಾಮನಿಗೆ ಕೊಟ್ಟರು. ಸುರಪುರ, ಶಹಾಪುರಗಳು ಕುಷ್ಟಗಿ, ಗಂಗಾವತಿಗಳೊಡನೆ ಒಂದೇ ಜಿಲ್ಲೆಯಲ್ಲಿ ಸೇರಲು ಈ ಹಿನ್ನೆಲೆ ಕಾರಣವಾಯಿತು.

ಜಿಲ್ಲೆಯ ರಚನೆ ಮತ್ತು ಆಡಳಿತ

1853ರಿಂದ 1883ರವರೆಗೆ ದಿವಾನನಾಗಿದ್ದ ಒಂದನೆಯ ಸಾಲಾರ್ ಜಂಗ್ ಸಂಸ್ಥಾನದ ಆಡಳಿತವನ್ನು ತಿದ್ದಿ ಕಟ್ಟಿದನು. ಅಲ್ಲಿಯವರೆಗೆ ಕಂದಾಯ ವಸೂಲಿಯನ್ನು ಗುತ್ತಿಗೆ ಹಿಡಿಯುವ ತಾಲ್ಲೂಕುದಾರರಿದ್ದರು. 1865ರ ಸುಮಾರಿಗೆ ಜಾರಿಗೆ ಬಂದ ಜಿಲ್ಲಾಬಂದಿ ವ್ಯವಸ್ಥೆಯಲ್ಲಿ ಆ ಸ್ಥಾನಕ್ಕೆ ಸಂಬಳದ ಅಧಿಕಾರಿಗಳು ಬಂದರು. ಹಳೆಯ ಪದ ಮಾತ್ರ ಉಳಿಯಿತು. ಜಿಲ್ಲೆಯ ಮುಖ್ಯಸ್ಥನು ಅವ್ವಲ್ ತಾಲ್ಲೂಕುದಾರ, ಅವನ ಕೈಕೆಳಗೆ ದೋಯಮ್ ಮತ್ತು ಸೋಯಮ್ ತಾಲ್ಲೂಕುದಾರರು, ತಾಲ್ಲೂಕಿಗೆ ತಹಶೀಲ್ದಾರ. ಆದ್ದರಿಂದ ನಿಜಾಮರ ಕಾಲದ ಕಾಗದಗಳಲ್ಲಿ ‘ತಾಲ್ಲೂಕುದಾರ’ ಎಂದರೆ ತಾಲ್ಲೂಕಿನ ಅಧಿಕಾರಿಯಲ್ಲ, ಜಿಲ್ಲಾ ಮಟ್ಟದ ಅಧಿಕಾರಿ ಎಂಬುದನ್ನು ನೆನಪಿಡಬೇಕು. ಹಲವು ಜಿಲ್ಲೆಗಳ ಮೇಲೆ ಸುಬೇದಾರನಿದ್ದನು. ಲಿಂಗಸುಗೂರು ಜಿಲ್ಲೆ ಗುಲಬರ್ಗಾ ಸುಬಾಕ್ಕೆ ಸೇರಿತ್ತು.

ಈ ಜಿಲ್ಲೆಯ ಆರಂಭದ ವರ್ಷಗಳಲ್ಲಿಯೇ 1876–78ರ ಭೀಕರ ಕ್ಷಾಮ ಬಂದಿತು. ಧಾತು ಸಂವತ್ಸರದಲ್ಲಿ ಆರಂಭವಾದುದರಿಂದ ಅದು ‘ಧಾತು ಬರ’ವೆಂದು ಜನರ ನೆನಪಿನಲ್ಲಿ ನಿಂತಿತು. ಸಂಸ್ಥಾನದ ಮೊದಲ ಜನಗಣತಿ ನಡೆದದ್ದು 1881ರಲ್ಲಿ, ಅಂದರೆ ಬರದ ಹೊಡೆತದ ಬೆನ್ನಿಗೇ. 1881, 1891, 1901ರ ಮೂರು ಗಣತಿಗಳಲ್ಲಿ ಲಿಂಗಸುಗೂರು ಪ್ರತ್ಯೇಕ ಜಿಲ್ಲೆಯಾಗಿ ದಾಖಲಾಗಿದೆ. ಅನಂತರದ ರಾಯಚೂರಿನ ಅಂಕಿಗಳನ್ನು ಇವುಗಳೊಂದಿಗೆ ನೇರವಾಗಿ ಹೋಲಿಸಿದರೆ ನಿಗಮನಗಳು ದಾರಿತಪ್ಪುತ್ತವೆ.

ದಿವಾನಿ ಮತ್ತು ಜಾಗೀರು

ಇಂದಿನ ಕೊಪ್ಪಳ ಜಿಲ್ಲೆಯ ಮೂಲ ನಾಲ್ಕು ತಾಲ್ಲೂಕುಗಳು ಒಂದೇ ಬಗೆಯ ಆಡಳಿತವನ್ನು ಕಂಡವುಗಳಲ್ಲ. ಗಂಗಾವತಿ, ಕುಷ್ಟಗಿಗಳು ದಿವಾನಿ ತಾಲ್ಲೂಕುಗಳು. ಅವು ನೇರವಾಗಿ ಸಂಸ್ಥಾನದ ಸರಕಾರಕ್ಕೆ ಸೇರಿದ್ದು ಲಿಂಗಸುಗೂರಿನ ತಾಲ್ಲೂಕುದಾರನ ಅಧೀನದಲ್ಲಿದ್ದವು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಾಗೀರು ತಾಲ್ಲೂಕುಗಳು. ಇಲ್ಲಿಯ ಕಂದಾಯ ಸಂಸ್ಥಾನದ ಬೊಕ್ಕಸಕ್ಕಲ್ಲ, ಜಾಗೀರುದಾರನ ಖಜಾನೆಗೆ ಸಲ್ಲುತ್ತಿತ್ತು. ವಸೂಲಿಗೆ ಜಾಗೀರಿನದೇ ನೌಕರವರ್ಗವಿತ್ತು. ಇವುಗಳಲ್ಲದೆ ತುಂಗಭದ್ರೆಯ ದಡದಲ್ಲಿ ವಿಜಯನಗರದ ಪರಂಪರೆಯ ಆನೆಗೊಂದಿ ಮನೆತನವಿತ್ತು.

ನೆರೆಹೊರೆಯ ಎರಡು ಊರುಗಳ ರೈತರು ಒಂದೇ ಸಂತೆಗೆ ಹೋಗಿ, ಒಂದೇ ದೇವರಿಗೆ ನಡೆದುಕೊಂಡರೂ ಕಂದಾಯದ ವಿಷಯದಲ್ಲಿ ಬೇರೆಬೇರೆ ಬಾಗಿಲಿಗೆ ಹೋಗಬೇಕಾಗಿತ್ತು. ಒಬ್ಬನ ದೂರು ತಹಶೀಲ್ದಾರನ ಕಚೇರಿಗೆ ಹೋದರೆ ಮತ್ತೊಬ್ಬನದು ಜಾಗೀರಿನ ಕಚೇರಿಗೆ. ಕುಷ್ಟಗಿ ತಾಲ್ಲೂಕಿನ ಜಹಗೀರ ಗುಡದೂರಿನಂಥ ಊರುಗಳ ಹೆಸರೇ ದಿವಾನಿ ನೆಲದ ನಡುವೆಯೂ ಜಾಗೀರುಗಳಿದ್ದುದನ್ನು ಸೂಚಿಸುತ್ತದೆ.

ವಿಸರ್ಜನೆ ಮತ್ತು ಅನಂತರ

1905ರಲ್ಲಿ ಸಂಸ್ಥಾನದ ಜಿಲ್ಲೆಗಳ ಪುನರ್ವಿಂಗಡಣೆಯಾದಾಗ ಲಿಂಗಸುಗೂರು ಜಿಲ್ಲೆಯನ್ನು ರದ್ದುಪಡಿಸಲಾಯಿತು. ಲಿಂಗಸುಗೂರು, ಕುಷ್ಟಗಿ, ಗಂಗಾವತಿ, ಸಿಂಧನೂರುಗಳು ರಾಯಚೂರಿಗೆ, ಸುರಪುರ, ಶಹಾಪುರಗಳು ಗುಲಬರ್ಗಾಕ್ಕೆ ಸೇರಿದವು. ರಾಯಚೂರು 1871ರಿಂದಲೇ ಮುಂಬಯಿ ಮತ್ತು ಮದರಾಸು ರೈಲುಮಾರ್ಗಗಳು ಕೂಡುವ ಪಟ್ಟಣವಾಗಿತ್ತು. ಲಿಂಗಸುಗೂರಿಗೆ ಆಗ ರೈಲೇ ಇರಲಿಲ್ಲ. ಗಂಗಾವತಿ, ಕುಷ್ಟಗಿಗಳ ಜನರಿಗೆ ಜಿಲ್ಲಾ ಕೇಂದ್ರ ಇನ್ನಷ್ಟು ದೂರವಾಯಿತು.

1947–48ರಲ್ಲಿ ಹೈದರಾಬಾದಿನ ವಿಮೋಚನೆಗಾಗಿ ಹೋರಾಟ ನಡೆದಾಗ ಹಳೆಯ ಗಡಿರೇಖೆಯೇ ಹೋರಾಟಗಾರರಿಗೆ ಆಸರೆಯಾಯಿತು. ಗಡಿಯಾಚೆಯ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳುತನದ ಶಿಬಿರವಿತ್ತು. ಗಜೇಂದ್ರಗಡದಲ್ಲಿಯೂ ಶಿಬಿರ ನಡೆಯಿತು. 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ಬಳಿಕ, 1949ರಲ್ಲಿ ಜಾಗೀರುಗಳು ರದ್ದಾದವು. ಕೊನೆಯ ಜಾಗೀರುದಾರನಾದ ಮೂರನೆಯ ಸಾಲಾರ್ ಜಂಗ್ ತೀರಿಕೊಂಡದ್ದೂ ಅದೇ ವರ್ಷ. ಕೊಪ್ಪಳ, ಯಲಬುರ್ಗಾಗಳು ಹೀಗೆ ರಾಯಚೂರು ಜಿಲ್ಲೆಯ ಸಾಮಾನ್ಯ ತಾಲ್ಲೂಕುಗಳಾದವು. 1956ರ ನವೆಂಬರ್ 1ರಂದು ಆಲಂಪುರ, ಗದ್ವಾಲಗಳನ್ನು ಬಿಟ್ಟು ಉಳಿದ ರಾಯಚೂರು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು.

ಈ ನಡುವೆ ತುಂಗಭದ್ರಾ ಅಣೆಕಟ್ಟು ಮತ್ತೊಂದು ಗೆರೆಯನ್ನು ಎಳೆದಿತ್ತು. ಎಡದಂಡೆ ಕಾಲುವೆಯ ನೀರು ಗಂಗಾವತಿ, ಸಿಂಧನೂರುಗಳನ್ನು ಭತ್ತದ ನಾಡಾಗಿಸಿತು. ಕುಷ್ಟಗಿ, ಯಲಬುರ್ಗಾಗಳು ಜೋಳ, ಸಜ್ಜೆಯ ಮಳೆಯಾಶ್ರಿತ ಬೇಸಾಯದಲ್ಲಿಯೇ ಮುಂದುವರಿದವು. 1997ರಲ್ಲಿ ನಾಲ್ಕು ತಾಲ್ಲೂಕುಗಳ ಕೊಪ್ಪಳ ಜಿಲ್ಲೆ ರಚನೆಯಾಯಿತು. 2018ರಲ್ಲಿ ಕಾರಟಗಿ, ಕನಕಗಿರಿ, ಕುಕನೂರು ಹೊಸ ತಾಲ್ಲೂಕುಗಳಾದವು.

ಜನಪದದಲ್ಲಿ ಉಳಿದ ಗುರುತುಗಳು

ಹಳೆಯ ಆಡಳಿತದ ಗಟ್ಟಿಯಾದ ಸಾಕ್ಷ್ಯ ಜನರ ಅಡ್ಡಹೆಸರುಗಳಲ್ಲಿದೆ. ಕಂದಾಯ ನೋಡಿಕೊಳ್ಳುವವನು ಮಾಲಿಪಾಟೀಲ, ಊರಿನ ಶಾಂತಿ ಕಾಯುವವನು ಪೊಲೀಸಪಾಟೀಲ ಎಂಬ ವಿಂಗಡಣೆ ಹೋದರೂ ಆ ಹೆಸರಿನ ಮನೆತನಗಳು ಹಳ್ಳಿಹಳ್ಳಿಗಳಲ್ಲಿವೆ. ದೇಸಾಯಿ, ದೇಶಪಾಂಡೆ, ಕುಲಕರ್ಣಿ, ಇನಾಮದಾರ, ಜಾಗೀರದಾರ ಎಂಬವೂ ಹಾಗೆಯೇ. ಊರ ಕಾವಲಿನ ಸೇವಕನಿಗೆ ಸೇತಸಿಂದಿ, ಕಂದಾಯ ಪರಿವೀಕ್ಷಕನಿಗೆ ಗಿರದಾವರ ಎಂಬ ಮಾತುಗಳು ಹಿರಿಯರ ಬಾಯಲ್ಲಿ ಉಳಿದುಬಂದವು.

ಆದರೆ ನಂಬಿಕೆ, ಹಾಡುಗಳ ಭೂಗೋಲ ಆಡಳಿತದ ಗೆರೆಯನ್ನು ಎಂದೂ ಒಪ್ಪಿಕೊಳ್ಳಲಿಲ್ಲ. ಹುಲಿಗಿಯ ಹುಲಿಗೆಮ್ಮನಿಗೆ ಹೊಳೆಯ ಎರಡೂ ದಡದವರು ನಡೆದುಕೊಳ್ಳುತ್ತಾರೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೂ ಕನಕಗಿರಿಯ ಕನಕಾಚಲಪತಿಯ ತೇರಿಗೂ ಸುತ್ತಲಿನ ಜಿಲ್ಲೆಗಳ ಜನ ಸೇರುತ್ತಾರೆ. ಹಳೆಯ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಹಿಂದೂ-ಮುಸ್ಲಿಮರಿಬ್ಬರ ಹಬ್ಬ. ಅಲಾಯಿ ಕುಣಿಯ ಸುತ್ತ ಕನ್ನಡದಲ್ಲಿ ಹಾಡುವ ರಿವಾಯತ ಪದಗಳು ಈ ಸೀಮೆಯುದ್ದಕ್ಕೂ ಹರಡಿವೆ. ಇಂಥ ಪದಗಳನ್ನು ‘ಕೊಪ್ಪಳ ಜಿಲ್ಲೆಯವು’, ‘ರಾಯಚೂರು ಜಿಲ್ಲೆಯವು’ ಎಂದು ಈಗಿನ ಗಡಿಯಂತೆ ಸಂಕಲಿಸಿದರೆ ಒಂದೇ ಪರಂಪರೆ ಎರಡಾಗಿ ತೋರುತ್ತದೆ.

ಅಧ್ಯಯನದ ದಾರಿ

1905ಕ್ಕಿಂತ ಹಿಂದಿನ ಕುಷ್ಟಗಿ ಅಥವಾ ಗಂಗಾವತಿಯ ಸಂಗತಿಯನ್ನು ಹುಡುಕುವವರು ‘ರಾಯಚೂರು’ ಎಂಬ ಶೀರ್ಷಿಕೆಯಡಿಯಲ್ಲಲ್ಲ, ‘ಲಿಂಗಸುಗೂರು’ ಎಂಬುದರಡಿಯಲ್ಲಿ ನೋಡಬೇಕು. ಕೊಪ್ಪಳ, ಯಲಬುರ್ಗಾಗಳಿಗೆ 1949ರವರೆಗೂ ಸಾಲಾರ್ ಜಂಗ್ ಜಾಗೀರಿನ ದಾಖಲೆಗಳೇ ಮುಖ್ಯ. 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂದುದರಿಂದ ಎರಡೂ ಭಾಷೆಗಳ ನೆರವು ಬೇಕಾಗುತ್ತದೆ. ಕಾಗದಗಳ ಫಸಲಿ ವರ್ಷಕ್ಕೆ ತಿಂಗಳನ್ನು ನೋಡಿಕೊಂಡು 590 ಅಥವಾ 591ನ್ನು ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಕ್ಷೇತ್ರಕಾರ್ಯದಲ್ಲಿ ದೊರೆತ ಹಾಡು, ಕಥೆಗಳಿಗೆ ಊರಿನ ಈಗಿನ ಜಿಲ್ಲೆಯ ಜೊತೆಗೆ ಅದು ದಿವಾನಿಯೋ ಜಾಗೀರೋ ಎಂಬುದನ್ನೂ ಬರೆದಿಡುವುದು ಅಗತ್ಯ. ಗೌಡಕಿಯ ಜಗಳ, ಕಂದಾಯದ ಕಾಟ, ಬರಗಾಲದ ಗುಳೆ ಮೊದಲಾದ ವಸ್ತುಗಳ ಅರ್ಥ ಆಗ ಮಾತ್ರ ಸ್ಪಷ್ಟವಾಗುತ್ತದೆ.

ಒಟ್ಟಾರೆಯಾಗಿ, ಲಿಂಗಸುಗೂರು ಜಿಲ್ಲೆ ಬಾಳಿದ್ದು ಅರ್ಧ ಶತಮಾನಕ್ಕೂ ಕಡಿಮೆ ಕಾಲ. ಆದರೂ ಇಂದು ಮೂರು ಜಿಲ್ಲೆಗಳಲ್ಲಿರುವ ಜನರ ಅಜ್ಜಂದಿರು, ಮುತ್ತಜ್ಜಂದಿರು ತಮ್ಮ ಹೊಲದ ಲೆಕ್ಕವನ್ನೂ ಊರಿನ ವ್ಯಾಜ್ಯವನ್ನೂ ಒಂದೇ ಕಚೇರಿಗೆ ಒಯ್ದ ಕಾಲವದು. ಆ ಕಾಲದ ಕಾಗದಗಳನ್ನು ಹುಡುಕಿ ಸೂಚಿ ಮಾಡುವ ಕೆಲಸವೂ ಹಿರಿಯರ ಮಾತುಗಳನ್ನು ದಾಖಲಿಸುವ ಕೆಲಸವೂ ಜೊತೆಜೊತೆಯಾಗಿ ನಡೆಯಬೇಕಾಗಿದೆ.